ಚಿಪ್‌ನ ನಿದ್ದೆ ಕೆಡಿಸಿದ ಸುಯುನ್

ಛ್ಯು ಸುಯುನ್ ಅಕ್ಕನಿಗೆ ಸುಮ್ಮನೆ ಉರಿಯುವ ದೀಪ ಕಂಡರೆ ಆಗದು. ಶಿನ್‌ಚು ಊರಿನ ನಮ್ಮ ಲ್ಯಾಪ್‌ಟಾಪ್ ಕಂಪನಿಯಲ್ಲಿ ಅವಳು ಹಾದುಹೋದ ಕಡೆಯೆಲ್ಲ ಕತ್ತಲು. ಶೌಚಾಲಯದಲ್ಲಿ ಕೂತವರು ಒಳಗಿಂದಲೇ ಬೈಯುತ್ತಿದ್ದರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಗಂಡನಿಗೆ ಸ್ವಿಚ್ ಇರಲ್ವಲ್ಲ" ಎನ್ನುವಳು.

ಅವಳ ಮೂರು ವರ್ಷದ ದುಡಿಮೆಯೂ ಕರೆಂಟ್ ಉಳಿಸುವುದೇ. ಅವಳು ಮಾಡಿದ ಏರ್ಪಾಡಿನಲ್ಲಿ ಕೆಲಸವಿಲ್ಲದಾಗ ಚಿಪ್ ತೂಕಡಿಸುತ್ತದೆ, ಕೆಲಸ ಬಂದರೆ ಎದ್ದು ಓಡುತ್ತದೆ, ಬಿಸಿಯಾದರೆ ನಡಿಗೆ ನಿಧಾನಿಸುತ್ತದೆ. ಲ್ಯಾಪ್‌ಟಾಪ್ ಮಾರುಕಟ್ಟೆಗೆ ಹೊರಡುವ ಮುನ್ನ, ಅದರ ಐಬು ಕಂಡದ್ದು ಅವಳಿಗೇ. ಲೆಕ್ಕದ ಅಂಕಿಗಳು ಬದಲಾದಂತೆ ಚಿಪ್‌ನ ನಡಿಗೆಯೂ ಬದಲಾಗುತ್ತಿತ್ತು. ಉತ್ತರ ಬರಲು ಹಿಡಿಯುವ ಹೊತ್ತನ್ನು ದೂರದಲ್ಲಿ ಕೂತು ಅಳೆದರೂ ಒಳಗಿನ ಮಾಹಿತಿಗೆ ಬೀಗ ಹಾಕುವ ರಹಸ್ಯ ಕೀಲಿಯ ಅಂಕಿಗಳನ್ನು ಊಹಿಸಬಹುದು. ಪಕ್ಕದ ಮನೆಯವಳು ಬಾಣಲೆಯ ಚುಂಯ್ ಕೇಳಿಯೇ ಇವತ್ತು ಮೀನೋ ಸೊಪ್ಪೋ ಹೇಳುವ ಹಾಗೆ. ನಡಿಗೆಯನ್ನು ಒಂದೇ ಸಮ ಕಟ್ಟಿಹಾಕಿದರೆ ಗುಟ್ಟು ಉಳಿಯುತ್ತದೆ. ಆದರೆ ಜೋರು ನಡಿಗೆಗೆ ಕಟ್ಟಿದರೆ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ, ನಿಧಾನ ನಡಿಗೆಗೆ ಕಟ್ಟಿದರೆ ಯಂತ್ರ ಕೆಸರಿನ ಎಮ್ಮೆ.

ಸುದ್ದಿ ಕೇಳಿ ಓಡಿಬಂದ ಮುಖ್ಯಸ್ಥ ಝಾನ್ ಮೊದಲು ನೋಡಿದ್ದು ಯಂತ್ರದ ತಲೆಯ ಮೇಲಿದ್ದ ಜೋಳದ ಕುರುಕಲಿನ ಪೊಟ್ಟಣವನ್ನು. ಯಂತ್ರ ಹಟ ಮಾಡದಿರಲೆಂದು ನಮ್ಮಲ್ಲಿ ಹಸಿರು ಪೊಟ್ಟಣ ಇಡುತ್ತೇವೆ. ಬೇರೆ ಬಣ್ಣ ಅಪಶಕುನ.

"ಹಳದಿ! ಯಾವ ಪುಣ್ಯಾತ್ಮ ಇಟ್ಟಿದ್ದು?"

"ನಾನೇ ಸರ್. ಹಸಿರನ್ನ ನಿನ್ನೆ ನೀವೇ ತಿಂದ್ರಲ್ಲ" ಎಂದಳು ಸುಯುನ್.

"ಮೊದ್ಲು ಹಸಿರು ತರ್ಸು. ಆಮೇಲೆ ಪರೀಕ್ಷೆ."

ಹಸಿರು ಬಂತು. ಝಾನ್ ಕೈಮುಗಿದರು.

"ಈಗ ಯಾವುದಾದ್ರೂ ಅಂಕಿ ಕೀಲಿಯಾಗಿ ಹಾಕಿ ಸರ್. ನಂಗೆ ಹೇಳ್ಬೇಡಿ" ಎಂದು ಸುಯುನ್ ಉತ್ತರದ ಹೊತ್ತು ಅಳೆಯಲು ಪಕ್ಕದ ಕೋಣೆಗೆ ಹೋದಳು. ನಮ್ಮ ಊಟ ಮುಗಿಯುವಷ್ಟರಲ್ಲಿ ಬಂದು ಅಂಕಿಗಳನ್ನು ಒಂದೊಂದಾಗಿ ಒಪ್ಪಿಸಿದಳು. "ಇದು ಯಾರದೋ ಹುಟ್ಟಿದ ದಿನ. ಹೆಂಡ್ತಿದಂತೂ ಅಲ್ಲ, ಅಲ್ವಾ ಸರ್?"

"ಬಾಯ್ಮುಚ್ಚು."

ನಾವು ನಗು ನುಂಗಿಕೊಂಡೆವು. ಝಾನ್ ದನಿ ತಗ್ಗಿಸಿದರು. "ನೋಡು ಸುಯುನ್, ಹೀಗೇ ಬಿಟ್ರೆ ಬ್ಯಾಟರಿ ಇಡೀ ದಿನ ಬರುತ್ತೆ. ನಿನ್ನ ಹೆಸ್ರೂ ಬರುತ್ತೆ. ಇಷ್ಟು ತಾಳ್ಮೆ ಇರೋ ಕಳ್ಳ ಎಲ್ಲವ್ನೆ?"

"ನಂಗಿತ್ತಲ್ಲ."

ಅವಳು ಪರದೆಯ ಮುಂದೆ ಕೂತು ಚಿಪ್‌ನ ನಡಿಗೆಯನ್ನು ನಿಧಾನಕ್ಕೆ ಕಟ್ಟಿಹಾಕಿದಳು. ತನ್ನ ಮೂರು ವರ್ಷವನ್ನು ತಾನೇ ಒಂದು ಬೆರಳಿನಿಂದ ಆರಿಸಿದಳು. ಇನ್ನು ಯಂತ್ರಗಳೆಲ್ಲ ಮಾರುಕಟ್ಟೆಗೆ ಹೀಗೇ ಹೋಗುತ್ತವೆ, ಎಮ್ಮೆಗಳಾಗಿ. ಅವಳ ಏರ್ಪಾಡು ಬೇಕಾದವರು ಅದನ್ನು ತಾವೇ ಹಚ್ಚಿಕೊಳ್ಳಬೇಕು.

"ನಾಳೆಯಿಂದ ಬೇರೆ ದಾರಿ ಹುಡುಕ್ತೀನಿ" ಎಂದಳು. "ಇವತ್ತು ಮಾತ್ರ ಯಾರೂ ನನ್ನ ಮಾತಾಡಿಸ್ಬೇಡಿ."