ಟೊಮೆಟೊ ತೋಟಕ್ಕೊಂದು ದೃಷ್ಟಿ ಫೋಟೊ

ಫೆಬ್ರವರಿಯ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ, ಆವನಿ ಬೆಟ್ಟ ಎದುರಿಗೆ ಕಾಣುವ, ರಸ್ತೆ ಪಕ್ಕದ ಒಂದು ಟೊಮೆಟೊ ತೋಟ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿಯ ತಮ್ಮ. ಆರಕ್ಕೇ ತಲುಪಬೇಕಿತ್ತು, ದಾರಿಯಲ್ಲಿ ಅವನಿಗೆ ಕಾಫಿ ಬೇಕಾಯಿತು.

ನಾನು ಕ್ಯಾಮೆರಾ ಹಿಡಿದದ್ದು ನಿವೃತ್ತಿಯ ನಂತರ. ಶಾಲೆಯ ಮೈದಾನದಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನಿಗೆ ಬೆಟ್ಟಗಳು ಬಹಳ ಹಿಡಿಸಿದವು. ಅವು ನಿಂತ ಜಾಗ ಬಿಟ್ಟು ಕದಲುವುದಿಲ್ಲ.

ಹೊರಗೆ ಹೋಗಿ ಫೋಟೊ ತೆಗೆಯುವವರಿಗೆ ನನ್ನ ಸಲಹೆ ಇಷ್ಟೆ. ಎಂಟು ಗಂಟೆಯೊಳಗೆ ಕೆಲಸ ಮುಗಿಸಿ. ಆಮೇಲಿನ ಬಿಸಿಲು ಎಲ್ಲಕ್ಕೂ ಸುಣ್ಣ ಬಳಿದಂತೆ ಮಾಡುತ್ತದೆ. ಸ್ಟ್ಯಾಂಡನ್ನು ಮಂಡಿಯೆತ್ತರಕ್ಕೆ ಇಳಿಸಿದರೆ ಗಿಡದ ಸಾಲುಗಳು ಬೆಟ್ಟದ ಬುಡದವರೆಗೂ ಓಡುವಂತೆ ಕಾಣುತ್ತವೆ. ಬಟನ್ ಒತ್ತುವ ಮೊದಲು ಚೌಕಟ್ಟಿನ ನಾಲ್ಕೂ ಮೂಲೆ ನೋಡಿಕೊಳ್ಳಿ. ತೋಟದವರನ್ನು ಒಂದು ಮಾತು ಕೇಳಿ ಎಂಬುದು ಅಲ್ಲಿಯತನಕ ಈ ಸಲಹೆಗಳಲ್ಲಿ ಇರಲಿಲ್ಲ. ಅಂದು ಸೇರಿತು.

"ವದ್ದಣ್ಣಾ, ವದ್ದು! ಬೇಡ!" ಎಂದು ತೆಲುಗು ಬೆರೆಸಿ ಕೂಗುತ್ತಾ ತೋಟದ ಒಡತಿ ಬದುವಿನ ಮೇಲೆ ಓಡಿಬಂದು ಲೆನ್ಸಿಗೆ ಸೆರಗು ಅಡ್ಡ ಹಿಡಿದಳು.

"ನಾನು ತೆಗೀತಿರೋದು ಬೆಟ್ಟ, ತಾಯಿ."

"ಬೆಟ್ಟಕ್ಕೇನೂ ಆಗಲ್ಲ ಯಜಮಾನ್ರೇ, ಅದು ಕಲ್ಲು. ಮುಂದೆ ನಿಂತಿರೋದು ನನ್ ಗಿಡ."

ಮಾರನೆಯ ದಿನ ಅವಳ ತೋಟದಲ್ಲಿ ಮೊದಲ ಕೊಯ್ಲು. ಮೂರು ತಿಂಗಳ ದುಡಿಮೆಯೆಲ್ಲ ಆ ಕಾಯಿಗಳಲ್ಲಿತ್ತು. ವಾರದ ಹಿಂದೆ ಕಾರಿನಲ್ಲಿ ಬಂದ ಯಾರೋ ಇಳಿದು, ಅಬ್ಬಬ್ಬಾ ಏನು ಫಸಲು ಎಂದು ಬಾಯಿ ತುಂಬ ಹೊಗಳಿ, ಸೆಲ್ಫಿ ತೆಗೆದುಕೊಂಡು ಹೋಗಿದ್ದರು. ಅದಾದ ಮೇಲೆ ರಸ್ತೆ ಬದಿಯ ಒಂದು ಸಾಲು ಪೂರ್ತಿ ಬಾಡಿತ್ತು. ನೆಟ್ಟಿದ್ದ ದೃಷ್ಟಿಬೊಂಬೆ ಗಾಳಿಗೆ ಬಿದ್ದು ಅದರ ಮಡಕೆ ತಲೆ ಒಡೆದಿತ್ತು. ಬಾಡಿದ್ದಕ್ಕೆ ಬೇರಿನ ರೋಗ ಕಾರಣವಿರಬಹುದು ಎಂದೆ.

"ಇರ್ಬೋದು," ಎಂದಳು. "ಯಾರಾದ್ರೂ ಕಣ್ಣು ಹಾಕ್ದೆ ರೋಗಕ್ಕೆ ದಾರಿ ಹೆಂಗೆ ಗೊತ್ತಾಗ್ತದೆ?"

ಇದಕ್ಕೆ ಉತ್ತರ ಭಾಮೈದನ ಬಳಿ ಇತ್ತು.

"ಅಕ್ಕಾ, ಈಗ ಬೊಂಬೆ ಯಾರು ಕಟ್ತಾರೆ? ಎಲ್ರೂ ಫ್ಲೆಕ್ಸ್ ಕಟ್ತಾವ್ರೆ. ಗುರಾಯ್ಸೋ ಮುಖ ಒಂದಿದ್ರೆ ಸಾಕು," ಎಂದವನು ನಿಧಾನವಾಗಿ ನನ್ನತ್ತ ತಿರುಗಿದ. ಅವಳೂ ತಿರುಗಿದಳು. ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ ನನ್ನ ಮುಖವನ್ನು ನೋಡಿದಳು.

"ಆಗ್ತದೆ. ಮೊದ್ಲು ಇವರ್ದು ಕಟ್ಟಿ, ಆಮೇಲೆ ಎಷ್ಟು ಬೇಕಾದ್ರೂ ಬೆಟ್ಟ ತಗೊಳ್ಳಿ."

ಕಾಲರ್ ಗುಂಡಿ ಹಾಕಿಕೊಂಡು, ಬೆಳಕು ಒಂದು ಕೆನ್ನೆಗೆ ಬೀಳುವಂತೆ ನಿಂತು, ಕ್ಯಾಮೆರಾ ಭಾಮೈದನ ಕೈಗೆ ಕೊಟ್ಟೆ. ಮೊದಲನೆಯ ಫೋಟೊ ನೋಡಿ, "ಓಟು ಕೇಳೋಕೆ ಬಂದಂಗೈತೆ," ಎಂದಳು. ಎರಡನೆಯದಕ್ಕೆ, "ಅಯ್ಯೋ ಪಾಪ ಅನ್ನಿಸ್ತದೆ." ತಪ್ಪು ಕ್ಯಾಮೆರಾ ಹಿಡಿದ ರೀತಿಯದೆಂದು ನಾನು ಅವನಿಗೆ ಪಾಠ ಶುರುಮಾಡಿದೆ. "ಮೊಣಕೈ ಪಕ್ಕೆಗೆ ಒತ್ತೋ. ಉಸಿರು ಹಿಡಿ. ಫೋಕಸ್ ಕಣ್ಣಿನ ಮೇಲೆ. ಲೇ, ಕಣ್ಣಿನ ಮೇಲೆ ಅಂದ್ರೆ ಕಣ್ಣಿನ ಮೇಲೆ ಕಣೋ!" ಅಷ್ಟರಲ್ಲಿ ಅವನು ಒತ್ತಿಬಿಟ್ಟಿದ್ದ. ಆ ಫೋಟೊ ಕಂಡು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಇದೇ ಇರ್ಲಿ."

ಫೋಕಸ್ ಮಾತ್ರ ಸರಿಯಾಗಿಯೇ ಇತ್ತು.

ಮುಳಬಾಗಿಲಿನ ಫ್ಲೆಕ್ಸ್ ಅಂಗಡಿಯವನು ತಲೆಯೆತ್ತದೆ ಕೇಳಿದ: "ಹುಟ್ಟುಹಬ್ಬನಾ, ಶ್ರದ್ಧಾಂಜಲಿನಾ?"

"ದೃಷ್ಟಿಗೆ," ಎಂದೆ.

ಅವನಿಗೇನೂ ಆಶ್ಚರ್ಯವಾಗಲಿಲ್ಲ. "ಕಣ್ಣು ಸ್ವಲ್ಪ ದೊಡ್ಡದು ಮಾಡ್ಲಾ ಸಾರ್?"

"ಬೇಡ," ಎಂದ ಭಾಮೈದ, "ಇರೋದೇ ಜಾಸ್ತಿ."

ಅಂಗಡಿಯಲ್ಲಿ ಕರೆಂಟ್ ಹೋಗಿ, ಬಂದು, ನಾವು ತೋಟಕ್ಕೆ ಮರಳಿದಾಗ ಸಂಜೆ ನಾಲ್ಕು. ಎರಡು ಬಿದಿರು ಗಳುಗಳ ನಡುವೆ ನನ್ನನ್ನು ನಾನೇ ಬಿಗಿದು ಕಟ್ಟಿದೆ. ಆಮೇಲೆ ಸ್ಟ್ಯಾಂಡ್ ಇಳಿಸಿ ಬಗ್ಗಿ ನೋಡಿದರೆ, ಸಾಲುಗಳು ಮುಗಿಯುವಲ್ಲಿ, ಬೆಟ್ಟಕ್ಕೆ ಅಡ್ಡವಾಗಿ, ನಾನು.

"ಒಂದು ನಿಮಿಷ ಬಿಚ್ಚಿ ಪಕ್ಕಕ್ಕಿಡ್ಲಾ ತಾಯಿ?"

"ಆ ಒಂದು ನಿಮಿಷದಾಗೇ ಆಗೋದು ಯಜಮಾನ್ರೇ."

ಹಾಗೆಯೇ ತೆಗೆದೆ. ನಾಲ್ಕೂ ಮೂಲೆ ಶುಚಿಯಾಗಿದ್ದವು. ತಕರಾರಿದ್ದದ್ದು ನಡುವಿನಲ್ಲಿ ಮಾತ್ರ. ಈ ಚಿತ್ರವನ್ನು ಕೋಲಾರದ ಫೋಟೊ ಪ್ರದರ್ಶನಕ್ಕೆ ಕಳಿಸುವ ಆಸೆಯನ್ನು ಅಲ್ಲೇ ಬಿಟ್ಟೆ.

ಹೋಗಿ ಫ್ಲೆಕ್ಸಿನ ನೆರಳಿನಲ್ಲಿ ಕೂತೆ. ಆಗ ರಸ್ತೆಯಲ್ಲಿ ಒಂದು ಕಾರು ನಿಂತಿತು. ಇಬ್ಬರು ಮೊಬೈಲ್ ಹಿಡಿದು ಇಳಿದರು, ಕೆಂಪಗಾಗಿದ್ದ ಸಾಲುಗಳ ಕಡೆ ನಡೆದರು. ಒಡತಿ ಸೆರಗು ಕೈಗೆತ್ತಿಕೊಂಡಳು. ಅವರು ಫ್ಲೆಕ್ಸ್ ನೋಡಿದರು. ಆಮೇಲೆ ಅದರ ಕೆಳಗೆ ಕೂತಿದ್ದ ನನ್ನನ್ನು ನೋಡಿದರು. ಮೊಬೈಲ್ ಜೇಬಿಗಿಟ್ಟು ಕಾರು ಹತ್ತಿದರು.

"ನಾಳೆ ಧೈರ್ಯವಾಗಿ ಕಾಯಿ ಕೀಳ್ಬೋದು," ಎಂದು ಅವಳು ಬದುವಿನ ಮೇಲೆ ಕುಳಿತಳು. ಇಡೀ ದಿನದಲ್ಲಿ ಅವಳು ಕೂತದ್ದು ಅದೇ ಮೊದಲು.

ಫ್ಲೆಕ್ಸಿನ ಎಡಗಡೆಯ ಕೆಳತುದಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಹಗ್ಗ ಬಿಚ್ಚಿ, ಎರಡು ಸುತ್ತು ಹಾಕಿ, ಮತ್ತೆ ಕಟ್ಟಿದೆ.