ರಸಬಾಳೆ ದುಡ್ಡಿಗೆ ನೈಟ್ರೋಜನ್

ಸ್ನೇಹಿತರೇ, ವಿಮಾನ ಕಂಪನಿಯವರು ಇಂದಿಗೂ ನನ್ನನ್ನು ಒಂದು ಮಾತು ಕೇಳಿಯೇ ಟೈರಿಗೆ ಗಾಳಿ ಹಿಡಿಸುವುದು.

ಇವತ್ತು ಬೆಳಿಗ್ಗೆ ತಿ. ನರಸೀಪುರದ ತಂಗಿ ಮನೆಗೆ ಕಾರು ತೆಗೆದೆ. ನಾದಿನಿಗೆ ರಸಬಾಳೆ ಒಯ್ಯಿರಿ ಎಂದು ಹೆಂಡತಿ ಇನ್ನೂರು ರೂಪಾಯಿ ಕೊಟ್ಟಳು. ನಂಜನಗೂಡಿನ ಬಂಕಿನಲ್ಲಿ ಗಾಳಿ ಹಿಡಿಯುವವನು, "ಮಾಮೂಲಿ ಗಾಳಿ ಯಾಕ್ ಸಾ? ನೈಟ್ರೋಜನ್ ಆಕುಸ್ಕಳಿ. ಟೈರು ತಣ್ಣಗಿರ್ತದೆ. ಇಮಾನಕ್ಕೂ ಇದೇಯ" ಎಂದ. ವಿಮಾನ ಎಂದಮೇಲೆ ನಾನು ಹಿಂದೆ ಸರಿಯಲಾದೀತೇ? ನಾಲ್ಕು ಟೈರಿಗೂ ಸ್ಟೆಪ್ನಿಗೂ ಹಿಡಿಸಿದೆ. ಗುರುತಿಗೆ ಹಸಿರು ಮುಚ್ಚಳ ಹಾಕಿಕೊಟ್ಟ. ಹಣ್ಣಿನ ದುಡ್ಡು ಅಲ್ಲಿಗೆ ಮುಗಿಯಿತು.

ತಂಗಿ ಬಾಗಿಲಲ್ಲೇ ನನ್ನ ಬರಿಗೈ ನೋಡಿದಳು. "ರಸಬಾಳೆ ಎಲ್ಲಣ್ಣಾ?"

"ಈ ಸಲ ನೈಟ್ರೋಜನ್ ಆಕುಸ್ಕಂಡ್ ಬಂದಿವ್ನಿ ಕಣವ್ವ. ಇಮಾನಕ್ಕೆ ಆಕೋದು."

"ಇರು, ತಟ್ಟೆ ತತ್ತೀನಿ. ಸುಲ್ದು ಮಕ್ಕಳಿಗೆ ಕೊಡೀವಂತೆ."

ಅವಳ ಗಂಡ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಪೇಪರು ಮಡಚಿಟ್ಟು ಹೇಳಿದರು: "ಭಾವ, ಮಾಮೂಲಿ ಗಾಳೀಲೇ ಮುಕ್ಕಾಲು ಪಾಲಿಗಿಂತ ಜಾಸ್ತಿ ನೈಟ್ರೋಜನ್ ಅದೆ. ನೀವು ದುಡ್ಡು ಕೊಟ್ಟಿದ್ದು ಮಿಕ್ಕಿದ್ದಕ್ಕೆ."

"ಆ ಮಿಕ್ಕಿದ್ದೇ ಮುಖ್ಯ ಕಣ್ರೀ ಮೇಷ್ಟ್ರೇ" ಎಂದೆ. ಯಾರೂ ಒಪ್ಪಲಿಲ್ಲ. ಊಟಕ್ಕೆ ಕೂತರೆ, ಎಲೆಯ ಮೇಲೆ ಹಣ್ಣಿನ ಜಾಗವನ್ನು ತಂಗಿ ಬೇಕೆಂದೇ ಖಾಲಿ ಬಿಟ್ಟಿದ್ದಳು.

ನಾನು ಮನೆ ಸೇರುವ ಮೊದಲೇ ಅವಳ ಫೋನು ಸೇರಿತ್ತು. ಹೆಂಡತಿಯ ಲೆಕ್ಕದಲ್ಲಿ ಇನ್ನೂರು ಹೋಯಿತು. ನಿಮ್ಮಲ್ಲೇ ಇರಲಿ, ಹೋದದ್ದು ಇನ್ನೂರೈವತ್ತು, ಹಸಿರು ಮುಚ್ಚಳವೂ ಸೇರಿ.