ಕೆಂಚಕ್ಕನ ಬೆರಳಿಗೆ ಕದಿರಿನ ಹೆಸರು

ಪರಶುರಾಂಪುರದ ಕೆಂಚಕ್ಕ ನಡೆಯುವಾಗಲೂ ಉಣ್ಣೆ ನೂಲುತ್ತಿದ್ದಳು. ಕುರಿಗಳ ಹಿಂದೆ ಹೋಗುವಾಗ, ಬಸ್ಸಿಗೆ ಕಾಯುವಾಗ, ಜಗಳವಾಡುವಾಗ ಕೂಡ ಕೈಯಲ್ಲಿ ಕದಿರು ತಿರುಗುತ್ತಲೇ ಇತ್ತು.

೨೦೦೧ರಲ್ಲಿ ಮೊಮ್ಮಗಳು ಗಂಗಲಕ್ಷ್ಮಿಯ ಮದುವೆ ಗೊತ್ತಾಯಿತು. ಅವರ ಮನೆತನದಲ್ಲಿ ಮದುಮಕ್ಕಳು ಕೂರುವುದು ಕರಿಕಂಬಳಿಯ ಮೇಲೆ. ಅದರ ನೂಲು ಹೆಣ್ಣಿನ ಕಡೆಯ ಹಿರಿಯಳದ್ದಾಗಬೇಕು. ಇನ್ನೊಂದು ಉಂಡೆ ಬಾಕಿ ಇರುವಾಗ ಕೆಂಚಕ್ಕನ ಬೆರಳುಗಳ ನಡುಗೆಣ್ಣುಗಳು ಊದಿಕೊಂಡವು.

ಚಳ್ಳಕೆರೆಯ ಡಾಕ್ಟರೊಬ್ಬರು ಚೀಟಿಯಲ್ಲಿ ಒಂದು ಸಾಲು ಇಂಗ್ಲಿಷ್ ಗೀಚಿ, ಮಾತ್ರೆ ಕೊಟ್ಟು ಕಳಿಸಿದರು. ಏನು ರೋಗ ಅಂತ ಹೇಳಲಿಲ್ಲ. ಊರಲ್ಲಿ ಚೀಟಿ ಓದಿದ ಅಳಿಯ ಬಾಲರಾಜ, “ಫ್ಯೂಸಿಫಾರ್ಮ್ ಅಂತೈತೆ, ದೊಡ್ಡ ಕಾಯ್ಲೆನೇ ಇರ್ಬೇಕು” ಅಂದ. ಅಷ್ಟು ಸಾಕಾಯಿತು. ಕಂಬಳಿ ನೇಯುವ ಗಾದ್ರಪ್ಪನ ಹೆಂಡತಿ ಸಿದ್ದಕ್ಕ ನೂಲು ಮುಟ್ಟಲಿಲ್ಲ. “ಕುಷ್ಠ ಗಿಷ್ಠ ಆಗಿದ್ರೆ? ಮದುವೆ ಕಂಬ್ಳಿ ಕಣಕ್ಕ.”

ಹದಿನೈದು ದಿನ ಕೆಂಚಕ್ಕ ಬೇರೆ ತಟ್ಟೆಯಲ್ಲಿ ಉಂಡಳು. ಆಮೇಲೆ ಚೀಟಿ ಹಿಡಿದು ನನ್ನ ಬಾಗಿಲಿಗೆ ಬಂದಳು. “ಪೇಪರ್‌ಗೆ ಬರೀತೀಯಲ್ಲ ತಮ್ಮ, ಓದು. ಮದುವೆ ನಿಲ್ಲೋ ಅಂಥದ್ದಾದ್ರೂ ಮುಚ್ಚಿಡ್ಬೇಡ.”

ನಾನು ಓದಿದ್ದು ಏಳನೇ ಕ್ಲಾಸು. ಊರ ಲೈಬ್ರರಿಗೆ ಹೋಗಿ ದಪ್ಪ ಇಂಗ್ಲಿಷ್ ನಿಘಂಟು ತೆಗೆದೆ. ಲ್ಯಾಟಿನ್ನಿನಲ್ಲಿ ‘ಫ್ಯೂಸುಸ್’ ಎಂದರೆ ಕದಿರು, ‘ಫಾರ್ಮ’ ಎಂದರೆ ಆಕಾರ. ನಡುವೆ ದಪ್ಪ, ಎರಡು ತುದಿಗೂ ಸಣ್ಣ. ನೂಲು ಸುತ್ತಿದ ಕದಿರಿನ ಹಾಗೆ. ಅದು ರೋಗದ ಹೆಸರೇ ಅಲ್ಲ! ಊದಿದ ಬೆರಳು ಹೇಗೆ ಕಾಣುತ್ತದೆ ಅನ್ನುವುದಷ್ಟೆ. ರೋಗ ಯಾವುದೆಂದು ತಿಳಿಯಲು ಮರುದಿನ ಅವಳ ಜೊತೆ ಡಾಕ್ಟರ ಹತ್ತಿರವೇ ಹೋಗಿ, ಕುಷ್ಠವೇ ಎಂದು ಕೇಳಿದೆ.

“ಕುಷ್ಠ ಅಂತ ಯಾರ್ರೀ ಹೇಳಿದ್ದು? ಕೀಲುವಾತ. ಅಂಟೋದಲ್ಲ,” ಎಂದರು, ತಲೆ ಎತ್ತದೆ.

“ಇದನ್ನ ಆವತ್ತೇ ಹೇಳೋಕೆ ಏನಾಗಿತ್ತು ಸ್ವಾಮಿ?” ಎಂದೆ.

“ಹೊರಗೆ ಕ್ಯೂ ನೋಡಿದ್ರಾ?”

ನೋಡಿದ್ದೆ. ಕ್ಯೂನಲ್ಲಿದ್ದವರೆಲ್ಲ ಇಂಥದೇ ಚೀಟಿ ಹಿಡಿದು ಮನೆಗೆ ಹೋಗುವವರು. ಆಯುಷ್ಯವೆಲ್ಲ ಕದಿರು ಹಿಡಿದವಳಿಗೆ ‘ಬೆರಳು ಕದಿರಿನ ಹಾಗೆ ಊದಿದೆ, ವಾತ’ ಎನ್ನಲು ಎಷ್ಟು ಹೊತ್ತು ಬೇಕು?

ಬಸ್ಸಿನಲ್ಲಿ ಅವಳಿಗೆ ಅರ್ಥ ಹೇಳಿದೆ. ಕದಿರಿನ ಪಕ್ಕ ಬೆರಳಿಟ್ಟು ನೋಡಿದಳು. “ಹೌದ್ ಕಣೋ, ಹಂಗೇ ಐತೆ. ಇದಕ್ಕಾ ನಾನು ಬೇರೆ ತಟ್ಟೇಲಿ ಉಂಡಿದ್ದು?”

ಇಳಿದವಳು ನೇರ ಸಿದ್ದಕ್ಕನ ಮನೆಗೆ ಹೋದಳು. “ವಾತ ಕಣೇ, ವಾತ! ಮುಟ್ಟೇ!” ಎಂದು ನೂಲಿನ ಉಂಡೆಗಳನ್ನು ಅವಳ ಮಡಿಲಿಗೇ ಸುರಿದಳು.

ಬಾಕಿಯಿದ್ದ ಒಂದು ಉಂಡೆ ನೂಲಲು ಕೆಂಚಕ್ಕನ ಬೆರಳು ಬಗ್ಗಲಿಲ್ಲ. ಅದನ್ನು ಸಿದ್ದಕ್ಕನೇ ನೂತಳು, ಕದಿರಾದರೂ ಹಿರಿಯಳದ್ದಿರಲಿ ಎಂದು ಕೆಂಚಕ್ಕನದನ್ನೇ ಇಸಿದುಕೊಂಡು.